‘ಎರಡು ದಿನದಲ್ಲಿ ಕೊಡಗು’: ಅಚ್ಚಿಗೆ ಹೋಗುವ ಮುನ್ನ ಊರಿನವರು ಓದಿ ಹೇಳಿ

ಕಾಫಿಹೂ | ಗುರುವಾರ ಸಂಜೆ

ಎಲ್ಲರಿಗೂ ನಮಸ್ಕಾರ. ಮಡಿಕೇರಿಯಿಂದ ಸ್ವಲ್ಪ ದೂರದಲ್ಲಿ ನಾನು ನಾಲ್ಕು ಕೋಣೆಗಳ ಹೋಂಸ್ಟೇ ನಡೆಸುವುದು ಇಲ್ಲಿ ಕೆಲವರಿಗೆ ಗೊತ್ತು. ಮೂರು ವರ್ಷಗಳಿಂದ ನಮ್ಮಲ್ಲಿಗೆ ಬರುತ್ತಿರುವ ಬೆಂಗಳೂರಿನ ಅತಿಥಿಯೊಬ್ಬರು ‘ಎರಡು ದಿನದಲ್ಲಿ ಕೊಡಗು’ ಎಂಬ ಕೈಪಿಡಿ ಬರೆದಿದ್ದಾರೆ. ದಸರೆಗೆ ಮುಂಚೆ ಅಚ್ಚಾಗಬೇಕಂತೆ. ಊರಿನವರು ಒಮ್ಮೆ ಓದಿ ತಪ್ಪಿದ್ದರೆ ಹೇಳಲಿ, ತಿದ್ದುತ್ತೇನೆ ಎಂದು ಕರಡನ್ನು ನನಗೆ ಕಳುಹಿಸಿದ್ದಾರೆ. ಒಳ್ಳೆಯ ಮನುಷ್ಯ, ಈ ಊರಿನ ಮೇಲೆ ಅವರಿಗೆ ನಿಜವಾದ ಪ್ರೀತಿ ಇದೆ. ಆದರೂ ಓದುತ್ತಾ ಹೋದಂತೆ, ನಾನು ಹುಟ್ಟಿ ಬೆಳೆದ ಊರು ಇದೇನಾ ಎಂದು ಮನಸ್ಸಿಗೆ ಕಸಿವಿಸಿಯಾಯಿತು. ಕೆಲವು ಸಾಲುಗಳನ್ನು ಇದ್ದ ಹಾಗೆಯೇ ಕೊಡುತ್ತೇನೆ.

‘ಕೂರ್ಗ್ ವರ್ಷದ ಹನ್ನೆರಡು ತಿಂಗಳೂ ನೋಡಲು ಯೋಗ್ಯ. ಮಳೆಗಾಲದಲ್ಲಂತೂ ಸ್ವರ್ಗ.’

‘ಮೊದಲ ದಿನ: ಕೂರ್ಗಿನ ಚಿನ್ನದ ದೇವಾಲಯ, ನಿಸರ್ಗಧಾಮ, ದುಬಾರೆ, ಅಬ್ಬೆ ಫಾಲ್ಸ್, ಸಂಜೆ ರಾಜಾಸೀಟ್. ಎರಡನೆಯ ದಿನ: ಮುಂಜಾನೆ ಮಾಂದಲ್‌ಪಟ್ಟಿ, ಅಲ್ಲಿಂದ ತಲಕಾವೇರಿ, ಸಂಜೆ ಇರ್ಪು, ರಾತ್ರಿ ಹಿಂದಿರುಗುವುದು.’

‘ಇಲ್ಲಿನ ಜನರೆಲ್ಲ ಕೊಡವರು. ಹಂದಿಮಾಂಸ ಮತ್ತು ಮನೆಯಲ್ಲೇ ಮಾಡಿದ ವೈನ್ ಅವರ ನಿತ್ಯದ ಆಹಾರ.’

‘ಕೊಡವ ಅರಸರು ಕಟ್ಟಿದ ಮಡಿಕೇರಿ ಕೋಟೆಗೆ ಹತ್ತು ನಿಮಿಷ ಸಾಕು.’

ಕೊನೆಯ ಪುಟದ ತಲೆಬರಹ ‘ಯಾರಿಗೂ ತಿಳಿಯದ ಅಬ್ಬಿ’. ಅಲ್ಲಿಗೆ ಹೋಗುವ ದಾರಿಯ ನಕ್ಷೆಯೂ ಇದೆ. ಆ ಜಾಗದ ಹೆಸರನ್ನು ನಾನು ಇಲ್ಲಿ ಹಾಕುವುದಿಲ್ಲ.

ಬೈಯುವುದಕ್ಕಿಂತ ತಿದ್ದುವುದಕ್ಕೆ ನೆರವಾಗುವಂತೆ ಬರೆಯಿರಿ ಎಂದು ಕೇಳಿಕೊಳ್ಳುತ್ತೇನೆ. ಅವರೇ ಕೇಳಿ ಕಳುಹಿಸಿದ್ದಾರೆ. ಹಾಗೆ ಕೇಳುವವರು ಕಡಿಮೆ.

ಕೋಟೆಬಾಗಿಲು | ಗುರುವಾರ ರಾತ್ರಿ

ಮೂವತ್ತೊಂದು ವರ್ಷ ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸಿದವನು ನಾನು. ‘ಕೊಡವ ಅರಸರು’ ಎಂಬ ಎರಡು ಪದಗಳ ಮುಂದೆ ಸುಮ್ಮನೆ ಕೂರಲು ಆಗುವುದಿಲ್ಲ. ಕೊಡಗನ್ನು ಆಳಿದ ಹಾಲೇರಿ ವಂಶದವರು ಲಿಂಗಾಯತರು. ಮುದ್ದುರಾಜ 1681ರಲ್ಲಿ ರಾಜಧಾನಿಯನ್ನು ಇಲ್ಲಿಗೆ ತಂದ. ಅವನ ಹೆಸರಿನ ಮುದ್ದುರಾಜನ ಕೇರಿಯೇ ಮಡಿಕೇರಿ. ಅವನ ಕಾಲದ ಕೋಟೆ ಮಣ್ಣಿನದು. ಅದನ್ನು ಕಲ್ಲಿನಲ್ಲಿ ಕಟ್ಟಿಸಿದ್ದು ಟಿಪ್ಪು ಸುಲ್ತಾನ್. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡರು. ಕೋಟೆಯೊಳಗಿನ ಚರ್ಚು 1859ರದು, ಈಗ ಅದು ಸರ್ಕಾರಿ ವಸ್ತುಸಂಗ್ರಹಾಲಯ. ಅಂಗಳದಲ್ಲಿ ನಿಜವಾದ ಆನೆಯಷ್ಟೇ ದೊಡ್ಡದಾದ ಎರಡು ಗಾರೆಯ ಆನೆಗಳು ನಿಂತಿವೆ. ಮಣ್ಣಿನ ಗೋಡೆ, ಟಿಪ್ಪುವಿನ ಕಲ್ಲು, ಲಿಂಗರಾಜನ ಅರಮನೆ, ಇಂಗ್ಲಿಷರ ಚರ್ಚು ಎಲ್ಲವೂ ಒಂದೇ ಆವರಣದಲ್ಲಿವೆ. ಇದಕ್ಕೆ ಹತ್ತು ನಿಮಿಷ ಸಾಕೇ?

ಕೋಟೆಯಿಂದ ಇಳಿದರೆ ನಡೆದೇ ಹೋಗಬಹುದಾದಷ್ಟು ಹತ್ತಿರದಲ್ಲಿ ಓಂಕಾರೇಶ್ವರ ದೇವಾಲಯ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ್ದು. ಎದುರಿಗೆ ಕೆರೆ, ನಡುವೆ ಪುಟ್ಟ ಮಂಟಪ. ಮೇಲೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರು. ಹೊಸಬರು ಮಸೀದಿ ಎಂದುಕೊಂಡು ಮುಂದೆ ಹೋಗಿ ಮತ್ತೆ ಹಿಂದಿರುಗಿ ಬರುವುದನ್ನು ನಾನೇ ಕಂಡಿದ್ದೇನೆ. ಮಹದೇವಪೇಟೆಯ ಗದ್ದಿಗೆಯಲ್ಲಿ ಅರಸರ ಸಮಾಧಿಗಳಿವೆ, ಅಲ್ಲಿಯೂ ಇದೇ ಬಗೆಯ ಗುಮ್ಮಟಗಳು. ಈ ಎರಡರ ಹೆಸರೇ ಕೈಪಿಡಿಯಲ್ಲಿ ಇಲ್ಲವೆಂದರೆ ಆ ಸ್ನೇಹಿತರು ಮಡಿಕೇರಿಯಲ್ಲಿ ಕಾರಿನಿಂದ ಇಳಿದೇ ಇಲ್ಲ.

‘ಅಬ್ಬೆ ಫಾಲ್ಸ್’ ಬಗ್ಗೆಯೂ ಹೇಳಿಬಿಡುತ್ತೇನೆ. ಅಬ್ಬಿ ಎಂದರೇ ಜಲಪಾತ. ಇಂಗ್ಲಿಷಿನಲ್ಲಿ ಅದನ್ನು ಕ್ರೈಸ್ತ ಮಠದ ಹೆಸರಿನಂತೆ ಬರೆದು, ಆಮೇಲೆ ಅಲ್ಲೊಂದು ಮಠ ಇತ್ತೆಂದು ಕಥೆ ಕಟ್ಟುವವರನ್ನೂ ಕೇಳಿದ್ದೇನೆ. ದಯವಿಟ್ಟು ಕನ್ನಡದ ಪುಸ್ತಕದಲ್ಲಾದರೂ ‘ಅಬ್ಬಿ’ ಎಂದಿರಲಿ. ಹಾಗೆಯೇ ಇದು ಕೊಡಗು. ಬ್ರಿಟಿಷರ ನಾಲಿಗೆಗೆ ಹೊರಳದ ಹೆಸರನ್ನು ನಮ್ಮ ನಾಲಿಗೆಯೂ ಬಿಟ್ಟುಕೊಡಬೇಕಾಗಿಲ್ಲ.

ಸಂಪಾಜೆ ಘಾಟಿ | ಗುರುವಾರ ರಾತ್ರಿ

ನಾನು ಟ್ಯಾಕ್ಸಿ ಓಡಿಸುವವನು. ಮೇಷ್ಟ್ರು ಇತಿಹಾಸ ಹೇಳಿದರು, ನಾನು ರಸ್ತೆಯ ಬಗ್ಗೆ ಹೇಳುತ್ತೇನೆ. ಎರಡನೆಯ ದಿನದ ಪಟ್ಟಿಯನ್ನು ಯಾರಾದರೂ ನಂಬಿ ಹೊರಟರೆ ಅವರು ಏನನ್ನೂ ನೋಡುವುದಿಲ್ಲ. ಮಾಂದಲ್‌ಪಟ್ಟಿ ಮಡಿಕೇರಿಯ ಉತ್ತರಕ್ಕೆ, ಕೊನೆಯ ದಾರಿ ಜೀಪಿನದು. ತಲಕಾವೇರಿ ಪಶ್ಚಿಮಕ್ಕೆ, ಭಾಗಮಂಡಲ ದಾಟಿ ಎಂಟು ಕಿಲೋಮೀಟರ್ ಮೇಲಕ್ಕೆ. ಇರ್ಪು ಬ್ರಹ್ಮಗಿರಿಯ ತಪ್ಪಲಿನಲ್ಲಿ, ಜಿಲ್ಲೆಯ ದಕ್ಷಿಣದ ತುದಿಗೆ. ಭೂಪಟದಲ್ಲಿ ಗೇಣುದ್ದ ಕಾಣುವ ದಾರಿ ಇಲ್ಲಿ ತಿರುವುಗಳಲ್ಲೇ ಎರಡು ಗಂಟೆ ಹಿಡಿಯುತ್ತದೆ. ಇಂಥ ಪಟ್ಟಿ ಹಿಡಿದು ಬಂದವರು ‘ಬೇಗ, ಬೇಗ’ ಎನ್ನುತ್ತಾರೆ. ಮಕ್ಕಳು ಹಿಂದಿನ ಸೀಟಿನಲ್ಲಿ ವಾಂತಿ ಮಾಡುತ್ತಾರೆ. ಸಂಜೆ ಇರ್ಪು ತಲುಪುವ ಹೊತ್ತಿಗೆ ಅರಣ್ಯದವರ ಗೇಟು ಮುಚ್ಚಿರುತ್ತದೆ. ರಾತ್ರಿ ನಾಗರಹೊಳೆಯ ಕಾಡಂಚಿನ ರಸ್ತೆಯಲ್ಲಿ ಆನೆ ನಿಂತಿದ್ದರೆ ಆ ಪುಸ್ತಕ ಏನು ಮಾಡಲು ಹೇಳುತ್ತದೆ?

ನನ್ನನ್ನು ಕೇಳಿದರೆ ಎರಡು ದಿನಕ್ಕೆ ಒಂದೇ ದಿಕ್ಕು. ಭಾಗಮಂಡಲಕ್ಕೆ ಹೋದವರು ಕಾವೇರಿ, ಕನ್ನಿಕೆ ಸೇರುವ ಸಂಗಮದಲ್ಲಿ ಕಾಲು ತೊಳೆದು, ಭಗಂಡೇಶ್ವರನಿಗೆ ಕೈಮುಗಿದು, ನಿಧಾನವಾಗಿ ತಲಕಾವೇರಿಗೆ ಹೋಗಿ ಬರಲಿ. ಅಲ್ಲೇ ಸೇರುವ ಸುಜ್ಯೋತಿ ಕಣ್ಣಿಗೆ ಕಾಣದ ನದಿ, ಅದನ್ನೂ ಯಾರಾದರೂ ಅವರಿಗೆ ಹೇಳಲಿ.

ಇನ್ನೊಂದು ಮಾತು, ನೋವಿನಿಂದ ಹೇಳುತ್ತಿದ್ದೇನೆ. ‘ಇಲ್ಲಿನ ಜನರೆಲ್ಲ ಕೊಡವರು’ ಎಂದಾಗ ನಾವು ಎಲ್ಲಿ ಹೋದೆವು? ನಮ್ಮ ಮನೆಮಾತು ಅರೆಭಾಷೆ. ಅದಕ್ಕೆ ಸರ್ಕಾರದ ಅಕಾಡೆಮಿಯೇ ಇದೆ. ಸಂಪಾಜೆ, ಚೆಂಬು, ಭಾಗಮಂಡಲದ ಕಡೆ ನಮ್ಮ ಗೌಡ ಮನೆತನಗಳ ಮೂಲಮನೆಗಳಾದ ಐನ್‌ಮನೆಗಳಿವೆ. ನನ್ನ ಕಾರಿನಲ್ಲಿ ಕುಳಿತವರು ‘ನೀವು ಕೂರ್ಗಿ ತಾನೇ’ ಎಂದು ಕೇಳುತ್ತಾರೆ. ಕೊಡಗಿನವನು, ಅರೆಭಾಷೆ ಗೌಡ ಎಂದರೆ ಮುಖದಲ್ಲಿ ನಿರಾಸೆ ಕಾಣುತ್ತದೆ. ಆ ನಿರಾಸೆಗೆ ಕಾರಣ ಇಂಥ ಕೈಪಿಡಿಗಳು.

ಕಕ್ಕಡ ಮಳೆ | ಶುಕ್ರವಾರ ಬೆಳಿಗ್ಗೆ

ಸಂಪಾಜೆಯ ತಮ್ಮನ ಮಾತನ್ನು ಕೊಡವನಾಗಿ ನಾನೂ ಒಪ್ಪುತ್ತೇನೆ. ಕೊಡವರು, ಅರೆಭಾಷೆ ಗೌಡರು, ಹೆಗ್ಗಡೆಯವರು, ಐರಿಗಳು, ಯರವರು, ಜೇನುಕುರುಬರು, ಜಮ್ಮಾ ಮಾಪಿಳ್ಳೆಯರು, ಮಲಯಾಳ, ತುಳು, ಬ್ಯಾರಿ ಮಾತನಾಡುವವರು, ಸೋಮವಾರಪೇಟೆ ಕಡೆಯ ಲಿಂಗಾಯತರು ಎಲ್ಲರೂ ಇರುವ ಜಿಲ್ಲೆ ಇದು. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ ಐದೂವರೆ ಲಕ್ಷ. ಅವರಲ್ಲಿ ಕೊಡವರು ಬಹುಮತವೇನಲ್ಲ. ನಮ್ಮನ್ನು ಮಾತ್ರ ಕುಪ್ಯದ ನಿಲುವಂಗಿ, ಚೇಲೆಯ ನಡುಪಟ್ಟಿ, ಪೀಚೆಕತ್ತಿ ಸಮೇತ ಚಿತ್ರದಲ್ಲಿ ನಿಲ್ಲಿಸಿ ಉಳಿದವರನ್ನು ಅಳಿಸಿದರೆ ಅದರಿಂದ ನಮಗೂ ಗೌರವ ಬರುವುದಿಲ್ಲ.

ಊಟದ ವಿಷಯ. ಪಂದಿ ಕರಿ ಹಬ್ಬದ, ಮದುವೆಯ, ನೆಂಟರು ಬಂದ ದಿನದ ಊಟ. ಕಾಚಂಪುಳಿ ಎಂಬ ಕಪ್ಪು ಹುಳಿ ಹಾಕದೆ ಮಾಡಿದ್ದು ಪಂದಿ ಕರಿಯೇ ಅಲ್ಲ. ಪೇಟೆಯ ಎಷ್ಟೋ ಹೋಟೆಲುಗಳಲ್ಲಿ ಹುಣಸೆಹುಳಿ, ಬಣ್ಣ ಹಾಕಿ ಅದೇ ಹೆಸರಿನಲ್ಲಿ ಬಡಿಸುತ್ತಾರೆ. ನಿತ್ಯದ ಊಟ ಎಂದರೆ ಅನ್ನ, ಅಕ್ಕಿ ಒಟ್ಟಿ, ಸೊಪ್ಪು, ಮಳೆಗಾಲದಲ್ಲಿ ಎಳೆ ಬಿದಿರಿನ ಕಣಿಲೆ, ಗುಡುಗು ಬಂದ ಮೇಲೆ ಅಣಬೆಯ ಕುಮ್ಮು ಕರಿ, ಬೆಲ್ಲದ ಕಾಫಿ. ಕಡಂಬಿಟ್ಟು, ನೂಲ್‌ಪುಟ್ಟು, ಪಾಪುಟ್ಟುಗಳಿಗೆ ಒಂದು ಸಾಲಾದರೂ ಬೇಡವೇ?

ಇದು ಕಕ್ಕಡ ತಿಂಗಳು. ಆಗಸ್ಟ್ 3ಕ್ಕೆ ಅದರ ಹದಿನೆಂಟನೆಯ ದಿನ, ಕಕ್ಕಡ ಪದಿನೆಟ್ಟ್. ಆ ಹೊತ್ತಿಗೆ ಮದ್ದ್ ತೊಪ್ಪು ಎಂಬ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಸೇರುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅದನ್ನು ಕುದಿಸಿದರೆ ನೀರು ನೇರಳೆ ಬಣ್ಣಕ್ಕೆ ತಿರುಗುತ್ತದೆ, ಆ ನೀರಿನಲ್ಲಿ ಪಾಯಸ. ನಾಟಿಗೆ ಇಳಿದು ಮಳೆಯಲ್ಲಿ ನೆನೆದ ಮೈಗೆ ಬಿಸಿ ಕೊಡುವ ಊಟ ಅದು. ಮಳೆಗಾಲ ಸ್ವರ್ಗ ಎಂದು ಬರೆದವರಿಗೆ ಆ ಪಾಯಸ ಏಕೆ ಹುಟ್ಟಿತು ಎಂಬುದನ್ನು ತಿಳಿಸಿ. ವಾರಗಟ್ಟಲೆ ಬಿಸಿಲು ಕಾಣದೆ, ಕರೆಂಟಿಲ್ಲದೆ, ಒಲೆಯ ಮೇಲೆ ಬಟ್ಟೆ ಒಣಗಿಸಿಕೊಂಡು ಬದುಕುವ ಕಾಲ ಇದು.

ಪುತ್ತರಿಯನ್ನು ‘ಕೊಡವರ ಹೊಸ ವರ್ಷ’ ಎಂದು ಬರೆದಿದ್ದರೆ ಅದನ್ನೂ ತಿದ್ದಿಸಿ. ಬಹಳ ಜನ ಮಾಡುವ ತಪ್ಪು ಅದು. ಪುತ್ತರಿ ಹೊಸ ಅಕ್ಕಿಯ ಹಬ್ಬ. ಎಲೆಗಳನ್ನು ಸೇರಿಸಿ ನೆರೆ ಕಟ್ಟಿ, ಗದ್ದೆಗೆ ಹೋಗಿ ಕದಿರು ಕೊಯ್ದು, ‘ಪೊಲಿ ಪೊಲಿ ದೇವಾ’ ಎನ್ನುತ್ತಾ ಮನೆಗೆ ತರುವ ರಾತ್ರಿ. ಹೊಸ ವರ್ಷ ಬರುವುದು ಏಪ್ರಿಲ್ ನಡುವಿನ ಎಡಮ್ಯಾರ್ ತಿಂಗಳ ಒಂದರಂದು.

ಸೋಮವಾರಪೇಟೆ ಸಂತೆ | ಶುಕ್ರವಾರ ಮಧ್ಯಾಹ್ನ

ಉತ್ತರ ಕೊಡಗು ಎಂಬುದೊಂದು ಇದೆ ಎಂಬುದು ಈ ಕೈಪಿಡಿಗೆ ಗೊತ್ತೇ ಇಲ್ಲ. ಮಲ್ಲಳ್ಳಿ ಇಲ್ಲ, ಕೋಟೆಬೆಟ್ಟ ಇಲ್ಲ, ಪುಷ್ಪಗಿರಿ ಇಲ್ಲ. ಮಲ್ಲಳ್ಳಿಯಲ್ಲಿ ಧುಮುಕುವ ಕುಮಾರಧಾರೆ ಪಶ್ಚಿಮಕ್ಕೆ ಹರಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ತಲಕಾವೇರಿಯಲ್ಲಿ ಹುಟ್ಟಿದ ಕಾವೇರಿ ಪೂರ್ವದ ಸಮುದ್ರಕ್ಕೆ ಹೋಗುತ್ತದೆ. ಒಂದೇ ಜಿಲ್ಲೆಯ ಮಳೆ ಎರಡು ಕಡಲುಗಳಿಗೆ ಹಂಚಿಹೋಗುವ ಈ ವಿಷಯವನ್ನು ಮಕ್ಕಳಿರುವ ಯಾವ ಕುಟುಂಬಕ್ಕೆ ಹೇಳಿದರೂ ಕಣ್ಣರಳಿಸಿ ಕೇಳುತ್ತಾರೆ.

ಚಿನ್ನದ ದೇವಾಲಯದ ವಿಷಯವನ್ನು ಯಾರೂ ಹೇಳಲಿಲ್ಲ. ಅದಿರುವುದು ಬೈಲಕುಪ್ಪೆಯಲ್ಲಿ, ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿಗೆ ಸೇರಿದ್ದು. ಕುಶಾಲನಗರದಲ್ಲಿ ಸೇತುವೆ ದಾಟಿದರೆ ಕೊಡಗು ಮುಗಿಯಿತು. 1961ರಲ್ಲಿ ಟಿಬೆಟಿನವರು ಬಂದು ಕಾಡು ಕಡಿದು ನೆಲೆ ಕಟ್ಟಿಕೊಂಡ ಜಾಗ. ಅವರ ಕಥೆ ದೊಡ್ಡದು, ಅದಕ್ಕೊಂದು ಬೇರೆಯೇ ಪುಸ್ತಕ ಬರೆಯಲಿ. ‘ಕೂರ್ಗಿನ ಚಿನ್ನದ ದೇವಾಲಯ’ ಎಂದರೆ ಅವರಿಗೂ ನ್ಯಾಯವಲ್ಲ, ನಮಗೂ ಅಲ್ಲ.

ಸಂತೆಗಳ ಬಗ್ಗೆ ಒಂದು ಪುಟ ಕೊಡಿ ಎಂದು ನನ್ನ ಕೋರಿಕೆ. ಸೋಮವಾರಪೇಟೆ, ಶನಿವಾರಸಂತೆ ಎಂದು ಊರಿನ ಹೆಸರಿನಲ್ಲೇ ವಾರ ಇದೆ. ಮಡಿಕೇರಿಯಲ್ಲಿ ಶುಕ್ರವಾರ. ರಸ್ತೆ ಬದಿಯಲ್ಲಿ ‘ಕೂರ್ಗ್ ಕಿತ್ತಳೆ’ ಎಂದು ಮಾರುವುದರಲ್ಲಿ ಬಹಳಷ್ಟು ಹೊರಗಿನಿಂದ ಲಾರಿಯಲ್ಲಿ ಬಂದದ್ದು. ಭೌಗೋಳಿಕ ಮಾನ್ಯತೆ (ಜಿಐ) ಪಡೆದ ನಮ್ಮ ಕಿತ್ತಳೆ ರೋಗಕ್ಕೆ ಸಿಕ್ಕಿ ಕಾಫಿ ತೋಟಗಳಿಂದ ಹೆಚ್ಚುಕಡಿಮೆ ಮರೆಯಾಗಿದೆ. ಉಳಿದಿರುವ ಸ್ವಲ್ಪ ಹಣ್ಣು ಕಾಣಬೇಕಾದರೆ ಸಂತೆಗೇ ಬರಬೇಕು.

ಮಾಂದಲ್‌ಪಟ್ಟಿ ಜೀಪು | ಶುಕ್ರವಾರ ರಾತ್ರಿ

ಎಲ್ಲರೂ ತಿದ್ದುತ್ತಿದ್ದೀರಿ, ಒಳ್ಳೆಯದೇ. ಆದರೆ ಇದನ್ನೆಲ್ಲ ಓದಿದವರಿಗೆ ಕೊಡಗಿಗೆ ಬರಲೇಬೇಡಿ ಎಂದು ಹೇಳಿದಂತಾಗಬಾರದು. ನಾನು ಜೀಪು ಓಡಿಸಿ ಇಬ್ಬರು ಮಕ್ಕಳನ್ನು ಓದಿಸುತ್ತಿದ್ದೇನೆ. 2018ರ ಆಗಸ್ಟ್‌ನಲ್ಲಿ ಬೆಟ್ಟ ಕುಸಿದಾಗ ನಮ್ಮ ಮುಕ್ಕಾಲು ಎಕರೆ ತೋಟ ಮಣ್ಣಿನಡಿಗೆ ಹೋಯಿತು. ಕಾಫಿ ಗಿಡ ಮತ್ತೆ ನೆಟ್ಟರೆ ಫಸಲಿಗೆ ನಾಲ್ಕು ವರ್ಷ ಕಾಯಬೇಕು. ಆ ನಾಲ್ಕು ವರ್ಷ ಮನೆ ನಡೆಸಿದ್ದು ಜೀಪು. ಕೊರೊನಾ ಕಾಲದಲ್ಲಿ ಪ್ರವಾಸಿಗರಿಲ್ಲದ ಊರು ಹೇಗಿರುತ್ತದೆ ಎಂದು ನೋಡಿದ್ದೇವೆ. ರಸ್ತೆ ಸ್ವಚ್ಛವಾಗಿತ್ತು, ನಿಜ. ಅಡುಗೆಮನೆಯ ಡಬ್ಬಗಳೂ ಖಾಲಿಯಾಗಿದ್ದವು.

ಬರುವವರಿಗೆ ಸರಿಯಾದ ಕಾಲ ಹೇಳಿ, ಸರಿಯಾದ ದಾರಿ ಹೇಳಿ. ಮಾಂದಲ್‌ಪಟ್ಟಿಯ ಹುಲ್ಲಿನ ಮೇಲೆ ಗಾಡಿ ಹತ್ತಿಸಿ ಎಂದು ಹಠ ಹಿಡಿಯುವವರಿಗೆ, ಆ ಹುಲ್ಲಿನ ಬೇರು ಹಿಡಿದಿರುವ ಮಣ್ಣೇ ಕೆಳಗಿನ ನಮ್ಮ ಊರಿನ ತಲೆಯ ಮೇಲಿದೆ ಎಂದು ಬರೆಯಿರಿ. ಪುಸ್ತಕದಲ್ಲಿ ಅಚ್ಚಾಗಿದ್ದರೆ ನಾನು ತೋರಿಸಿ ಹೇಳಬಹುದು. ಈಗ ಬಾಯಲ್ಲಿ ಹೇಳಿದರೆ ಬಾಡಿಗೆಯೇ ಬೇರೆಯವರ ಪಾಲಾಗುತ್ತದೆ.

ದೂರದ ಪೊನ್ನಂಪೇಟೆ | ಶುಕ್ರವಾರ ರಾತ್ರಿ

ಜೀಪಿನ ಅಣ್ಣ ಹೇಳಿದ್ದು ಸರಿ. ನಾನು ಕೆಲಸಕ್ಕಾಗಿ ಊರು ಬಿಟ್ಟು ಹನ್ನೊಂದು ವರ್ಷ. 2018ರಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಎಂಬ ಹೆಸರುಗಳನ್ನು ಟಿವಿಯಲ್ಲಿ ಕೇಳುತ್ತಾ, ಮನೆಗೆ ಫೋನು ಸಿಗದೆ ಮೂರು ರಾತ್ರಿ ನಿದ್ದೆಯಿಲ್ಲದೆ ಕಳೆದಿದ್ದೇನೆ. ಮರುವರ್ಷ ಕುಸಿದದ್ದು ತೋರ, ಕೋರಂಗಾಲ. ಅದರ ಮರುವರ್ಷ ತಲಕಾವೇರಿಯ ಬ್ರಹ್ಮಗಿರಿ. ಸತತ ಮೂರು ಆಗಸ್ಟ್. ‘ಮಳೆಗಾಲದಲ್ಲಂತೂ ಸ್ವರ್ಗ’ ಎಂಬ ಸಾಲನ್ನು ಮಾತ್ರ ಯಾವ ಕಾರಣಕ್ಕೂ ಉಳಿಯಲು ಬಿಡಬೇಡಿ ಅಕ್ಕ. ಜೂನ್ ಕೊನೆಯಿಂದ ಸೆಪ್ಟೆಂಬರ್ ತನಕ ಹೊರಡುವ ಮುನ್ನ ಜಿಲ್ಲಾಡಳಿತದ ಸೂಚನೆ ನೋಡಿಕೊಳ್ಳಿ, ಹೊಳೆಗೆ ಇಳಿಯಬೇಡಿ, ಕಡಿದಾದ ಬರೆಯ ಕೆಳಗೆ ಗಾಡಿ ನಿಲ್ಲಿಸಬೇಡಿ ಎಂಬ ಮೂರು ಮಾತು ಆ ಜಾಗದಲ್ಲಿ ಇರಲಿ.

ಏಪ್ರಿಲ್, ಮೇ ತಿಂಗಳಲ್ಲಿ ಬರುವವರಿಗೆ ಹಾಕಿ ಹಬ್ಬದ ಬಗ್ಗೆ ಹೇಳಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ್ದು. ಪ್ರತಿ ವರ್ಷ ಒಂದೊಂದು ಕೊಡವ ಮನೆತನ ಅದನ್ನು ನಡೆಸುತ್ತದೆ. ಅಜ್ಜ, ಸೊಸೆ, ಮೊಮ್ಮಗಳು ಒಂದೇ ತಂಡದಲ್ಲಿ ಆಡುವುದನ್ನು ಗ್ಯಾಲರಿಯಲ್ಲಿ ಕುಳಿತು ನೋಡಲು ಯಾವ ಜಲಪಾತವೂ ಬೇಡ.

ಲೈನ್‌ಮನೆ ಮಗಳು | ಶನಿವಾರ ಬೆಳಿಗ್ಗೆ

ಬರೆಯಬೇಕೋ ಬೇಡವೋ ಎಂದು ನಿನ್ನೆಯಿಂದ ಯೋಚಿಸುತ್ತಿದ್ದೆ. ಕಾಫಿಹೂ ಅಕ್ಕ, ಆ ಕೈಪಿಡಿಯಲ್ಲಿ ಕಾಫಿ ಕೊಯ್ಯುವ ಹೆಂಗಸರ ಫೋಟೋ ಇದೆಯೇ? ಇಂಥ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಇರುತ್ತದೆ, ಅದಕ್ಕೇ ಕೇಳುತ್ತಿದ್ದೇನೆ.

ನಾವು ಯರವರು, ಇಲ್ಲಿನ ಆದಿವಾಸಿಗಳು. ಸಿದ್ದಾಪುರದ ಕಡೆ ಒಂದು ತೋಟದ ಕೂಲಿಯವರಿರುವ ಲೈನ್‌ಮನೆಯಲ್ಲಿ ಹುಟ್ಟಿದವಳು ನಾನು. ಈಗ ಪದವಿ ಓದುತ್ತಿದ್ದೇನೆ. ನಮ್ಮ ಅಮ್ಮನ ಫೋಟೋ ಒಂದು ರೆಸಾರ್ಟಿನ ಗೋಡೆಯ ಮೇಲೆ ದೊಡ್ಡದಾಗಿ ಇದೆ. ತಲೆಗೆ ಬಟ್ಟೆ ಸುತ್ತಿ, ಸೊಂಟಕ್ಕೆ ಚೀಲ ಕಟ್ಟಿ, ನಗುತ್ತಿದ್ದಾಳೆ. ಯಾರು ತೆಗೆದರು, ಯಾವಾಗ ತೆಗೆದರು ಎಂಬುದು ಅವಳಿಗೆ ಗೊತ್ತಿಲ್ಲ. ನಾನು ಅಲ್ಲಿಗೆ ಹೋಗಿದ್ದು ರಜೆಯಲ್ಲಿ ಪಾತ್ರೆ ತೊಳೆಯುವ ಕೆಲಸಕ್ಕೆ. ಆ ಚಿತ್ರದ ಮುಂದೆ ನಿಂತು ‘ಇದು ನನ್ನ ಅಮ್ಮ’ ಎಂದು ಹೇಳಲು ಬಾಯಿ ಬರಲಿಲ್ಲ.

ಕೈಪಿಡಿಯಲ್ಲಿ ತೋಟದ ಬಗ್ಗೆ ಬರೆಯುವುದಾದರೆ ಕೆಲಸದ ಬಗ್ಗೆಯೂ ಬರೆಯಲಿ. ನವೆಂಬರ್‌ನಿಂದ ಅರೇಬಿಕಾ ಹಣ್ಣು, ಆಮೇಲೆ ಫೆಬ್ರವರಿ ದಾಟುವ ತನಕ ರೋಬಸ್ಟಾ. ಕೊಯ್ದದ್ದನ್ನು ಸಂಜೆ ತೂಗಿಸಿ, ಕಣದಲ್ಲಿ ಹರಡಿ, ಮಳೆ ಬಂದರೆ ರಾತ್ರಿ ಎದ್ದು ಟಾರ್ಪಾಲು ಮುಚ್ಚಬೇಕು. ಕೊಯ್ಲು ಮುಗಿದರೆ ರೆಂಬೆ ಸವರುವ ಕಪಾತು, ಕಳೆ, ಗೊಬ್ಬರ. ಮಾರ್ಚ್‌ನಲ್ಲಿ ಹೂಮಳೆ ಬಿದ್ದು ಎಂಟೊಂಬತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುತ್ತದೆ. ಆ ಪರಿಮಳ ಮೂರು ನಾಲ್ಕು ದಿನ ಮಾತ್ರ. ಲೈನ್‌ಮನೆಯ ಒಳಗೂ ಅದು ಬರುತ್ತದೆ, ಆ ದಿನಗಳು ನನಗೆ ಇಷ್ಟ. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಆನೆ ಎಲ್ಲಿದೆ ಎಂದು ಕೇಳಿಕೊಂಡು ಹೋಗುವ ಊರು ನಮ್ಮದು. ದುಬಾರೆಯಲ್ಲಿ ಸ್ನಾನ ಮಾಡಿಸಿಕೊಳ್ಳುವ ಆನೆಯನ್ನು ಮಾತ್ರ ನೋಡಿ ಹೋಗುವವರಿಗೆ ಇದು ತಿಳಿಯುವುದಿಲ್ಲ.

2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ನಮ್ಮ ಜನರ ಗುಡಿಸಲುಗಳನ್ನು ಕೆಡವಿದಾಗ ನಾನು ಶಾಲೆಗೆ ಹೋಗುವ ಹುಡುಗಿ. ಪ್ರವಾಸಿ ಪುಸ್ತಕದಲ್ಲಿ ಅದೆಲ್ಲ ಬೇಡ ಎನ್ನುವಿರೇನೋ. ಆದರೆ ‘ಕೊಡಗಿನ ಮೂಲ ನಿವಾಸಿಗಳು’ ಎಂಬ ತಲೆಬರಹ ಹಾಕಿ ನಮ್ಮ ಕುಣಿತದ ಚಿತ್ರ ಮಾತ್ರ ಹಾಕುವುದಾದರೆ, ಅದೂ ಬೇಡ.

ಕಾಫಿಹೂ | ಶನಿವಾರ ಮಧ್ಯಾಹ್ನ

ಇದೆ ತಂಗಿ. ಹದಿನಾಲ್ಕನೆಯ ಪುಟದಲ್ಲಿ ಇದೆ. ಅಡಿಯಲ್ಲಿ ‘ಕೂರ್ಗಿನ ಸುಂದರ ನಗು’ ಎಂದು ಬರೆದಿದ್ದಾರೆ. ಆ ಹೆಂಗಸು ಯಾರೆಂದು ಅವರಿಗೆ ಫೋನು ಮಾಡಿ ಕೇಳಿದೆ. ತಿಳಿಯದು ಎಂದರು. ಸ್ವಲ್ಪ ಹೊತ್ತು ಇಬ್ಬರೂ ಮಾತನಾಡಲಿಲ್ಲ. ಚಿತ್ರ ತೆಗೆಯುವುದಾಗಿ ಅವರೇ ಹೇಳಿದರು. ನಿನ್ನ ಅಮ್ಮನ ಚಿತ್ರದ ವಿಷಯದಲ್ಲಿ ಏನಾದರೂ ಮಾಡಬೇಕೆಂದು ನಿನಗೆ ಅನಿಸಿದರೆ ನನಗೆ ಹೇಳು, ನಿನ್ನ ಜೊತೆ ಬರುತ್ತೇನೆ.

ಗದ್ದೆಬದಿ | ಶನಿವಾರ ರಾತ್ರಿ

ಅಕ್ಕ, ‘ಯಾರಿಗೂ ತಿಳಿಯದ ಅಬ್ಬಿ’ಯ ಹೆಸರು ನೀವು ಹಾಕದಿದ್ದರೂ ನನಗೆ ಗೊತ್ತಾಯಿತು. ಬಾಳೆತೋಟ ದಾಟಿ, ಊರು ಸೇರುವ ಅಂಬಲದ ಪಕ್ಕದಿಂದ ಇಳಿದು, ದೇವರಕಾಡಿನ ಅಂಚಿನಲ್ಲಿ ಹೋಗುವ ದಾರಿ ತಾನೇ? ಅದು ನಮ್ಮ ಊರು. ಯಾರಿಗೂ ತಿಳಿಯದ್ದು ಎಂದರೆ ನಾವು ಯಾರೂ ಅಲ್ಲ ಎಂದಾಯಿತು. ನನ್ನ ಅಜ್ಜಿ ಮದುವೆಯಾಗಿ ಬಂದ ದಿನದಿಂದ ಆ ನೀರು ಕುಡಿದವರು.

ಎರಡು ವರ್ಷಗಳ ಹಿಂದಿನ ತನಕ ಅಲ್ಲಿಗೆ ಹೊರಗಿನವರು ಬರುತ್ತಿರಲಿಲ್ಲ. ಈಗ ಭಾನುವಾರ ಹದಿನೈದು, ಇಪ್ಪತ್ತು ಕಾರು. ಕೆಳಗಿನ ಮನೆಯ ಹೆಂಗಸರು ಬಟ್ಟೆ ಒಗೆಯಲು ಹೋಗುವುದನ್ನು ಬಿಟ್ಟಿದ್ದಾರೆ. ದೇವರಕಾಡಿನೊಳಗೆ ಚಪ್ಪಲಿ ಹಾಕಿಕೊಂಡು ನಾವು ಹೋಗುವುದಿಲ್ಲ, ಒಣಗಿದ ಕಡ್ಡಿಯನ್ನೂ ಮನೆಗೆ ತರುವುದಿಲ್ಲ. ಅಲ್ಲಿ ಈಗ ಒಲೆ ಹೂಡಿ ಮಾಂಸ ಬೇಯಿಸಿದ ಬೂದಿ ಇದೆ. ಕೊಡಗಿನಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳಿವೆ ಎಂದು ಭಾಷಣಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಒಂದೊಂದು ಊರಿನವರು ಒಂದೊಂದನ್ನು ಕಾದುಕೊಂಡದ್ದರಿಂದ ಅವು ಉಳಿದಿವೆ.

ಅಬ್ಬಿಯ ನೀರು ಬಂದು ಸೇರುವುದು ನಮ್ಮ ಗದ್ದೆಗೆ. ಹೋದ ವರ್ಷ ನಾಟಿಯ ದಿನ ಕೆಸರಿನಲ್ಲಿದ್ದ ಒಡೆದ ಬಾಟಲಿ ನನ್ನ ಅತ್ತೆಯ ಕಾಲಿಗೆ ಹೊಕ್ಕಿತು. ಆರು ಹೊಲಿಗೆ. ಆ ವರ್ಷ ಅವರು ಮತ್ತೆ ಗದ್ದೆಗೆ ಇಳಿಯಲಿಲ್ಲ. ಈ ವರ್ಷ ನಾಟಿಗೆ ಬರುವವರು ಗಂಬೂಟು ಕೇಳುತ್ತಿದ್ದಾರೆ. ಗಂಬೂಟು ಹಾಕಿಕೊಂಡು ನಾಟಿ ಮಾಡಲು ಆಗುವುದೇ? ಎರಡು ತುಂಡು ಗದ್ದೆ ಪಾಳು ಬಿಡೋಣ ಎಂದು ನನ್ನ ಗಂಡ ಹೇಳುತ್ತಿದ್ದಾರೆ.

ಆ ನಕ್ಷೆ ಅಚ್ಚಾದರೆ ಉಳಿದದ್ದೂ ಪಾಳು ಬೀಳುತ್ತದೆ. ಈ ದಾರಿಯನ್ನು ಅವರಿಗೆ ಯಾರು ತೋರಿಸಿದರು ಎಂದು ಕೇಳಿ ಹೇಳುತ್ತೀರಾ?

ಕಾಫಿಹೂ | ಭಾನುವಾರ, ನಸುಕಿನಲ್ಲಿ

ನಾನು ತೋರಿಸಿದೆ.

ರಾತ್ರಿಯೆಲ್ಲ ಬರೆದು ಅಳಿಸಿ ಕುಳಿತಿದ್ದೆ. ಎರಡು ವರ್ಷಗಳ ಹಿಂದೆ ಅಬ್ಬಿ ಜಲಪಾತದಲ್ಲಿ ಜನಸಂದಣಿ ಎಂದು ಅವರು ಬೇಸರದಿಂದ ಹಿಂದಿರುಗಿದ್ದರು. ಬೇರೆಲ್ಲಾದರೂ ಇದೆಯೇ ಎಂದು ಕೇಳಿದರು. ನನ್ನ ತಾಯಿಯ ತವರು ನಿಮ್ಮ ಪಕ್ಕದ ಊರು, ಚಿಕ್ಕಂದಿನಲ್ಲಿ ಆ ನೀರಿನಲ್ಲಿ ಆಡಿದವಳು ನಾನು. ಕಾಗದದ ಮೇಲೆ ದಾರಿ ಬರೆದುಕೊಟ್ಟೆ. ಆಮೇಲೆ ಬಂದ ಅತಿಥಿಗಳಿಗೂ ಹೇಳಿದೆ. ‘ನಮ್ಮಲ್ಲಿ ಉಳಿದರೆ ಬೇರೆಯವರು ಕಾಣದ ಜಾಗ ಕಾಣುತ್ತೀರಿ’ ಎಂದು ಹೇಳಿಕೊಂಡದ್ದೂ ಉಂಟು. ಅದರಿಂದ ನನಗೆ ನಾಲ್ಕು ಬುಕಿಂಗ್ ಹೆಚ್ಚು ಬಂದಿರಬಹುದು. ನಿಮ್ಮ ಅತ್ತೆಯ ಕಾಲಿನ ವಿಷಯ ನನಗೆ ಗೊತ್ತಿರಲಿಲ್ಲ. ಗೊತ್ತಾಗುವಂತೆ ನಾನು ವಿಚಾರಿಸಿಯೂ ಇರಲಿಲ್ಲ. ಕ್ಷಮಿಸಿ ಎಂದು ಇಲ್ಲಿ ಎಲ್ಲರ ಎದುರು ಕೇಳುತ್ತಿದ್ದೇನೆ, ಮನೆಗೆ ಬಂದೂ ಕೇಳುತ್ತೇನೆ.

ಕಕ್ಕಡ ಮಳೆ | ಭಾನುವಾರ ಬೆಳಿಗ್ಗೆ

ಮಗಳೇ, ಹೇಳಿದ್ದು ದೊಡ್ಡದು. ನಾವೆಲ್ಲರೂ ಯಾರಿಗಾದರೂ ಒಂದು ದಾರಿ ಹೇಳಿದವರೇ. ನನ್ನ ಸ್ನೇಹಿತರನ್ನು ತಡಿಯಂಡಮೋಳಿನ ತುದಿಗೆ ಕರೆದುಕೊಂಡು ಹೋಗಿ 1,748 ಮೀಟರ್ ಎತ್ತರದಲ್ಲಿ ನಿಂತು ಮೀಸೆ ತಿರುವಿದವನು ನಾನೂ ಹೌದು. ಹಿಂದೆ ಮನೆಗೆ ಬಂದ ನೆಂಟನ ಜೊತೆ ನಾವೇ ಹೋಗುತ್ತಿದ್ದೆವು, ಎಲ್ಲಿ ಚಪ್ಪಲಿ ಬಿಡಬೇಕು, ಎಲ್ಲಿ ದನಿ ತಗ್ಗಿಸಬೇಕು ಎಂದು ಹೇಳುತ್ತಿದ್ದೆವು. ಈಗ ನಕ್ಷೆ ಕೊಟ್ಟು ಕಳುಹಿಸುತ್ತೇವೆ. ನಕ್ಷೆಗೆ ಅದೆಲ್ಲ ತಿಳಿಯುವುದಿಲ್ಲ.

ಮಾಂದಲ್‌ಪಟ್ಟಿ ಜೀಪು | ಭಾನುವಾರ ಬೆಳಿಗ್ಗೆ

ನಿನ್ನೆ ಮೊನ್ನೆ ನಾನು ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಪ್ರವಾಸಿಗರು ಬೇಕು. ಆದರೆ ಆ ಪುಟ ಹೋಗಲೇಬೇಕು. ಟಿಕೆಟ್ಟು, ಗೇಟು, ಕಾವಲು, ಕಸದ ಗಾಡಿ ಇರುವ ಜಾಗಗಳಿಗೆ ಜನ ಬರಲಿ. ಗದ್ದೆಯ ಬದುವಿಗೆ ಇಪ್ಪತ್ತು ಕಾರು ಎಂದರೆ ಯಾವ ಊರು ತಡೆಯುತ್ತದೆ?

ಕೋಟೆಬಾಗಿಲು | ಭಾನುವಾರ ಮಧ್ಯಾಹ್ನ

ದಸರೆಗೆ ಮುಂಚೆ ಅಚ್ಚಾಗುವುದಾದರೆ ಆ ಪುಟದಲ್ಲಿ ಮಡಿಕೇರಿ ದಸರೆ ಇರಲಿ. ಒಂಬತ್ತು ದಿನ ನಾಲ್ಕು ಮಾರಿಯಮ್ಮ ದೇವಾಲಯಗಳ ಕರಗ ಪಂಪಿನಕೆರೆಯಿಂದ ಹೊರಟು ಮನೆಮನೆಗೆ ಬರುತ್ತದೆ. ವಿಜಯದಶಮಿಯ ರಾತ್ರಿ ಹತ್ತು ದೇವಾಲಯಗಳ ದಶಮಂಟಪಗಳ ಮೆರವಣಿಗೆ. ಅಸುರ ಸಂಹಾರದ ದೃಶ್ಯಗಳಲ್ಲಿ ಮೂರ್ತಿಗಳೇ ಚಲಿಸುವಂತೆ ಊರಿನ ಹುಡುಗರು ತಿಂಗಳುಗಟ್ಟಲೆ ದುಡಿದು ಕಟ್ಟುತ್ತಾರೆ. ಬೆಳಗಿನ ತನಕ ಊರು ಮಲಗುವುದಿಲ್ಲ. ಸಾವಿರಾರು ಜನರನ್ನು ಬನ್ನಿ ಎಂದು ಊರೇ ಕರೆಯುವ ರಾತ್ರಿ ಅದು.

ಕಾಫಿಹೂ | ಸೋಮವಾರ ಸಂಜೆ

ನೀವೆಲ್ಲ ಬರೆದದ್ದನ್ನು ಒಂದೂ ಬಿಡದೆ ಅವರಿಗೆ ಕಳುಹಿಸಿದ್ದೆ. ಇಂದು ಒಂದು ಗಂಟೆ ಮಾತನಾಡಿದರು. ಹೆಸರು ‘ಎರಡು ದಿನದಲ್ಲಿ’ ಎಂದು ಇರುವುದಿಲ್ಲ. ಬೈಲಕುಪ್ಪೆ ಬೇರೆ ಅಧ್ಯಾಯವಾಗುತ್ತದೆ, ಉತ್ತರ ಕೊಡಗು ಸೇರುತ್ತದೆ, ಮಳೆಗಾಲದ ಸಾಲು ಹೋಗುತ್ತದೆ. ಅರೆಭಾಷೆ, ಯರವ ಭಾಷೆಗಳ ಬಗ್ಗೆ ಗೊತ್ತಿರುವವರಿಂದಲೇ ಬರೆಸಬೇಕೆಂದಿದ್ದಾರೆ. ಸಂಪಾಜೆಯ ಅಣ್ಣನ ಜೊತೆ ಒಂದು ದಿನ ಪೂರ್ತಿ ಗಾಡಿಯಲ್ಲಿ ಸುತ್ತಿ ದಾರಿಗಳ ಸಮಯ ಬರೆದುಕೊಳ್ಳುತ್ತಾರಂತೆ, ಬಾಡಿಗೆ ಕೊಟ್ಟೇ. ಕೊನೆಯ ಪುಟವನ್ನು ಅವರು ಹರಿದುಹಾಕಿದ್ದಾರೆ, ಅಲ್ಲಿ ದಸರೆ ಬರುತ್ತದೆ.

ಅತ್ತೆಯವರನ್ನು ನೋಡಲು ತಾವೂ ಬರಬಹುದೇ ಎಂದು ಕೇಳಿದರು. ಗದ್ದೆಬದಿ ತಂಗಿ, ನೀವು ಒಪ್ಪಿದರೆ ಮಾತ್ರ.

ಗದ್ದೆಬದಿ | ಸೋಮವಾರ ರಾತ್ರಿ

ಅತ್ತೆಯನ್ನು ಕೇಳಿದೆ. ಬರಲಿ ಎಂದರು. ಭಾನುವಾರ ಬೇಡ, ಆ ದಿನ ಕಾರುಗಳಿರುತ್ತವೆ. ಆಗಸ್ಟ್ 3ಕ್ಕೆ ಬನ್ನಿ, ಮದ್ದ್ ಪಾಯಸ ಮಾಡುತ್ತೇವೆ. ಅಂಬಲದ ಹತ್ತಿರ ಗಾಡಿ ನಿಲ್ಲಿಸಿ ನಡೆದು ಬನ್ನಿ, ನಾನು ಎದುರಿಗೆ ಬರುತ್ತೇನೆ.

ನಾಟಿಗೆ ಇನ್ನೂ ಮೇಲಿನ ಎರಡು ತುಂಡು ಗದ್ದೆ ಉಳಿದಿದೆ. ಇಳಿಯುವ ಮೊದಲು ಕೆಸರಿನಲ್ಲಿರುವ ಗಾಜನ್ನು ಕೈಯಿಂದಲೇ ತಡಕಿ ತೆಗೆಯಬೇಕು. ಗೋಣಿಚೀಲ ನಮ್ಮಲ್ಲಿ ಇವೆ. ದಪ್ಪನೆಯ ಕೈಗವಸು ಸಿಕ್ಕಿದರೆ ನಾಲ್ಕು ಜೊತೆ ತನ್ನಿ.

ಲೈನ್‌ಮನೆ ಮಗಳು | ಸೋಮವಾರ ರಾತ್ರಿ

ಐದು ಜೊತೆ ತನ್ನಿ ಅಕ್ಕ. ನಾನೂ ಬರುತ್ತೇನೆ.